ಗೋಕರ್ಣದ ಉಸುಕು, ಶಹಾಪುರದ ಸವಳು: ಒಂದು ಉಂಗುರದ ಬೆನ್ನು ಹತ್ತಿ

ಟವೆಲ್ ಝಾಡಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕಂದರೆ ಮುಂದಿನ ನಾಲ್ಕು ತಿಂಗಳ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ಕಾರ್ತಿಕ ಮಾಸದಲ್ಲಿ ಮನೆಮಂದಿಯೆಲ್ಲ ಕಲಬುರಗಿಯಿಂದ ಗೋಕರ್ಣಕ್ಕೆ ಹೋಗಿದ್ದೆವು. ಮಹಾಬಲೇಶ್ವರನ ದರ್ಶನ ಮುಗಿಸಿ ಸಂಜೆ ಸಮುದ್ರಕ್ಕೆ ಇಳಿದೆವು. ತಮ್ಮನಿಗೆ ಆ ವರ್ಷವೇ ಮದುವೆ ಆಗಿತ್ತು. ಬೀಗರು ಹಾಕಿದ ಅರ್ಧ ತೊಲೆ ಉಂಗುರ ಬೆರಳಿಗೆ ಸ್ವಲ್ಪ ಸಡಿಲ. ನೀರಿಗೆ ಇಳಿಯುವ ಮುಂಚೆ ಬಿಚ್ಚಿ, ವಾಚಿನ ಜೊತೆ ಟವೆಲಿನಲ್ಲಿ ಸುತ್ತಿ, "ಅಣ್ಣ, ಇದನ್ ನೋಡ್ಕೋ" ಅಂತ ನನ್ನ ಪಕ್ಕ ಇಟ್ಟು ಹೋದ. ನಾನು ನೋಡುತ್ತ ಕೂತದ್ದು ಮುಳುಗುವ ಸೂರ್ಯನನ್ನ. ಮಗಳು ನಡುಗುತ್ತ ಓಡಿ ಬಂದಳು, ಟವೆಲ್ ಎತ್ತಿ ಉಸುಕು ಹೋಗಲೆಂದು ಜೋರಾಗಿ ಝಾಡಿಸಿ ಅವಳಿಗೆ ಹೊದಿಸಿದೆ. ವಾಚು ನನ್ನ ಕಾಲ ಮೇಲೆ ಬಿತ್ತು. ಉಂಗುರ ಎಲ್ಲಿ ಬಿತ್ತೋ ದೇವರಿಗೇ ಗೊತ್ತು.

ರಾತ್ರಿ ಒಂಬತ್ತರ ತನಕ ಮೊಬೈಲ್ ಬೆಳಕಿನಲ್ಲಿ ಕೆದರಿದೆವು. ಬಲೆ ಎಳೆದು ಮುಗಿಸಿದ್ದ ಒಬ್ಬ ಹಿರಿಯರು ಬಂದು ನಿಂತು ನೋಡಿ, "ಹೊಯ್ಗೆಯಲ್ಲಿ ಬಿದ್ದದ್ದು ಕೈಯಲ್ಲಿ ಕೆದರಿದಷ್ಟೂ ಕೆಳಗೇ ಹೋಗ್ತದೆ ಮಾರಾಯ್ರೆ, ಬಿಡಿ" ಅಂದರು. ನಾವು ಉಸುಕು ಅನ್ನೋದನ್ನ ಅವರು ಹೊಯ್ಗೆ ಅಂತಾರೆ. ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು: ಮಳೆಗಾಲದಲ್ಲಿ ಸಮುದ್ರ ದಂಡೆಯ ಹೊಯ್ಗೆಯನ್ನ ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ತಂದು ಹಾಕುತ್ತದೆ. ಅಂದರೆ ಹುಡುಕುವುದಿದ್ದರೆ ಜೂನ್ ಒಳಗೇ ಹುಡುಕಬೇಕು, ಮತ್ತು ದಿನ ಹೋದಂತೆಲ್ಲ ಉಂಗುರದ ಮೇಲೆ ಹೊಸ ಉಸುಕು ಕೂಡುತ್ತಲೇ ಇರುತ್ತದೆ.

ಆ ರಾತ್ರಿ ತಲೆ ಓಡಿ ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಅಳತೆ. ಮೇಲಿನ ಒಂದು ಕಾಂಪೌಂಡಿನ ಮೂಲೆ ಕಂಬದಿಂದ ನೇರ ಸಮುದ್ರದ ಕಡೆ 46 ಹೆಜ್ಜೆ ಅಂತ ಎಣಿಸಿ ಬರೆದುಕೊಂಡೆ. ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿದ್ದೆ ನಿಜ, ಆದರೆ ಅದು ನಾಲ್ಕೈದು ಮೀಟರ್ ಆ ಕಡೆ ಈ ಕಡೆ ಜಿಗಿಯುತ್ತದೆ. ನಿಮ್ಮದು ಏನಾದರೂ ಕಳೆದರೆ ಅಲುಗಾಡದ ಒಂದು ವಸ್ತುವಿನಿಂದ ಹೆಜ್ಜೆ ಎಣಿಸಿಯೇ ಅಲ್ಲಿಂದ ಏಳಿ. ಮರುದಿನ ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಆಗ ಅದು ಸುಮ್ಮನೆ ಸಮಾಧಾನಕ್ಕೆ ಅನಿಸಿತ್ತು. ಮುಂದೆ ಎರಡು ಸಲ ಅದೇ ಕಾಗದ ನನ್ನ ಮಾನ ಉಳಿಸಿತು.

ನಮ್ಮದು ಸೂಪರ್ ಮಾರ್ಕೆಟ್ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಹದಿನೆಂಟು ವರ್ಷದಿಂದ ತಾಮ್ರದ ತಂತಿ ಸುತ್ತುವುದೇ ಕೆಲಸ. ಮೆಟಲ್ ಡಿಟೆಕ್ಟರ್ ಅಂದರೂ ಕಾಯಿಲೇ ತಾನೇ, ನನಗೇನು ಹೊಸದಲ್ಲ ಅನ್ನುವ ಸೊಕ್ಕು ಇತ್ತು. ಹೈದರಾಬಾದಿನಲ್ಲಿ ಒಬ್ಬರ ಹತ್ತಿರ ಬಳಸಿದ ಮಷೀನೊಂದು ಸಿಕ್ಕಿತು, 16,500 ರೂಪಾಯಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಹಳೆಯ ಮಾಡೆಲ್ಲು. ಬರಲು ಹನ್ನೆರಡು ದಿನ ಹಿಡಿಯಿತು. ಹಳೆಯ ಬಿಲ್ಲನ್ನೂ ಪಟ್ಟು ಹಿಡಿದು ತರಿಸಿಕೊಂಡೆ. ನಮ್ಮ ಕಡೆ ಇಂಥ ಮಷೀನ್ ಕೈಯಲ್ಲಿ ಹಿಡಿದವನನ್ನ ಜನ ಏನಂತ ತಿಳಿಯುತ್ತಾರೆ ಗೊತ್ತಲ್ಲ. ಆ ಕಥೆ ಮುಂದೆ ಬರುತ್ತದೆ.

ಬಂದ ದಿನವೇ ಮಾಳಿಗೆ ಹತ್ತಿ ಚಾಲೂ ಮಾಡಿದೆ. ಕಿವಿ ಹರಿದುಹೋಗುವಂತೆ ಚೀರಿತು. ಕಾಯಿಲ್ ಎಲ್ಲಿ ಇಟ್ಟರೂ ಚೀರಾಟ. ಮೋಸ ಹೋದೆ ಅಂತ ಕೈಕಾಲು ತಣ್ಣಗಾದವು. ಅವ್ವ ಬಟ್ಟೆ ಒಣಹಾಕುತ್ತ, "ಮಾಳಗಿ ತುಂಬ ಕಬ್ಬಣ ಹಾಕಿಸಿದ್ದು ನಿಮ್ಮಪ್ಪ. ಅದು ಚೀರದ ಏನ್ ಮಾಡ್ಬೇಕು?" ಅಂದಳು. ಸ್ಲ್ಯಾಬಿನೊಳಗಿನ ರಾಡು! ನನಗೆ ಹೊಳೆಯಲಿಲ್ಲ, ಅವ್ವನಿಗೆ ಹೊಳೆಯಿತು. ಆಮೇಲೆ ಓದಿದೆ: 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಹೊಕ್ಕ ಗುಂಡನ್ನ ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ತಂದಿದ್ದನಂತೆ. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗು ಅದಕ್ಕೆ ಒಂದು ಕಾರಣ ಅಂತಾರೆ. ಬೆಲ್ಲನಿಗೇ ಹಾಗಾದರೆ ನನ್ನದೇನು.

ಅಂಗಡಿಯಲ್ಲಿ ಇನ್ನೂ ಕಷ್ಟ. ಪಕ್ಕದಲ್ಲಿ ವೆಲ್ಡಿಂಗ್, ತಲೆ ಮೇಲೆ ಎಲ್‌ಇಡಿ ಪಟ್ಟಿ, ಮೂಲೆಯಲ್ಲಿ ಇನ್ವರ್ಟರ್. ಕೊನೆಗೆ ಹಳೇ ಮನೆಯ ಅಂಗಳಕ್ಕೆ ಹೋದೆ. ಅಲ್ಲಿ ಶಹಾಬಾದ್ ಕಲ್ಲಿನ ಹಾಸು. ಅದು ಸುಣ್ಣದ ಕಲ್ಲು, ಕಾಂತಕ್ಕೆ ಹತ್ತುವಂಥದ್ದು ಅದರೊಳಗೆ ಏನೂ ಇಲ್ಲ. ಮಷೀನ್ ಕೂಸಿನಂತೆ ಸುಮ್ಮನಾಯಿತು. ಮೊಬೈಲನ್ನ ಜೇಬಿನಿಂದ ತೆಗೆದು ದೂರ ಇಟ್ಟ ಮೇಲಂತೂ ಉಸಿರೂ ಇಲ್ಲ. ಬೇರೊಂದು ಉಂಗುರ ಹಿಡಿದರೆ ಖಚಿತವಾಗಿ ಕೂಗಿತು. ನಮ್ಮ ಎರೆಹೊಲದಲ್ಲೂ ಓಡಿಸಿ ನೋಡಿದೆ. ಕರಿಮಣ್ಣು ಮೂಲತಃ ಕರಿಗಲ್ಲು ಸವೆದು ಆದದ್ದು, ಕಾಂತಗುಣದ ಕಣ ಹೇರಳ. ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು: ಕಾಯಿಲನ್ನ ನೆಲದಿಂದ ಮೇಲೆ ಕೆಳಗೆ ಪಂಪು ಹೊಡೆದ ಹಾಗೆ ಆಡಿಸುತ್ತ, ನೆಲದ ಸದ್ದು ಅಡಗುವ ತನಕ ಮಷೀನಿಗೆ ಆ ನೆಲದ ಪರಿಚಯ ಮಾಡಿಕೊಡುವುದು. ನನ್ನ ಮಷೀನಿನ ಲೆಕ್ಕದಲ್ಲಿ ಎರೆಮಣ್ಣು 84ಕ್ಕೆ ನಿಂತಿತು. ಗೆದ್ದೆ ಅಂದುಕೊಂಡು ಆ 84ನ್ನ ಹಾಗೆಯೇ ಬಿಟ್ಟು ಸಂಕ್ರಾಂತಿ ರಜೆಗೆ ಗೋಕರ್ಣದ ದಾರಿ ಹಿಡಿದೆ.

ಇಲ್ಲಿಂದ ಐನೂರು ಕಿಲೋಮೀಟರಿನ ಆಸುಪಾಸು. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ ದಾಟಿ ಘಟ್ಟ ಇಳಿದು ಅಂಕೋಲಾ, ಆಮೇಲೆ ಗೋಕರ್ಣ. ಮುಟ್ಟುವಾಗ ಮಧ್ಯಾಹ್ನ. ಕಂಬದಿಂದ 46 ಹೆಜ್ಜೆ ಎಣಿಸಿ ನಿಂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ನಿಂತ ಜಾಗ ಒಣ ಉಸುಕು ಮುಗಿದು ಹಸಿ ಉಸುಕು ಶುರುವಾಗುವ ಅಂಚು. ಒಣದರಲ್ಲಿ ಮಷೀನ್ ಸರಿಯಾಗೇ ಇತ್ತು. ಒಂದು ಹೆಜ್ಜೆ ಹಸಿ ಕಡೆ ಇಟ್ಟೆನೋ ಇಲ್ಲವೋ, ಗುಬ್ಬಿಗಳ ಹಿಂಡು ಬೆಚ್ಚಿದಂತೆ ಚಿಲಿಪಿಲಿ ಶುರು. ಕೆಳಗಿರುವುದು ಯಾವ ಲೋಹ ಇರಬಹುದು ಅಂತ ಅಂಕಿಯಲ್ಲಿ ಹೇಳುವ ಪರದೆಯಲ್ಲಿ 4, 17, 31, 9, ನಡುವೆ ಸುಮ್ಮನೆ ಒಂದು 60. ನಿಂತರೆ ಕಡಿಮೆಯಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಕೂಗಿದಲ್ಲೆಲ್ಲ ಅಗೆದೆ. ಎರಡು ದಿನದಲ್ಲಿ ಸಿಕ್ಕಿದ್ದು ಸೋಡಾ ಬಾಟಲಿಯ ಬಿರಡೆ, ಡಬ್ಬಿಯ ಅಲ್ಯೂಮಿನಿಯಂ ಕೊಕ್ಕೆಗಳು, ಒಂದು 2 ರೂಪಾಯಿ. ಮಿಕ್ಕ ಕುಣಿಗಳಲ್ಲಿ ನೀರಷ್ಟೇ ಜಿನುಗಿತು. ಹುಡುಗರ ಗುಂಪೊಂದು ನನ್ನ ಹಿಂದೆಯೇ ತಿರುಗುತ್ತಿತ್ತು. ಎರಡನೇ ದಿನ ಅವರೂ ಬೇಜಾರಾಗಿ ಹೋದರು.

ವಾಪಸ್ ಬಂದವನೇ ತಪ್ಪು ಮಾಡಿದೆ. ಮಷೀನ್ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟುಕೊಂಡು ರಿಪೇರಿಯವರೊಬ್ಬರಿಗೆ ಕಳಿಸಿದೆ. ಮೂರು ವಾರ ಫೋನು ಎತ್ತಲಿಲ್ಲ. ಎತ್ತಿದ ದಿನ "ಬೋರ್ಡಿನ ಸಮಸ್ಯೆ, ಕ್ಲೀನ್ ಮಾಡಿದೀವಿ" ಅಂತ 2,200 ತಗೊಂಡರು. ಏನು ಮಾಡಿದರು ಅಂತ ಒಂದು ಚೀಟಿಯೂ ಇಲ್ಲ. ಅವರನ್ನ ಬೈದು ಏನು ಮಾಡಲಿ, ರೋಗ ಏನು ಅಂತ ನೋಡದೆ ಔಷಧಿಗೆ ಓಡಿದವನು ನಾನು. ಅಂಗಡಿಗೆ ಮೋಟಾರ್ ತಂದವರಿಗೆ ದಿನಾ ಹೇಳುವ ಮಾತು ನನಗೇ ನೆನಪಾಗಲಿಲ್ಲ: ಮೊದಲು ವೈರ್ ನೋಡ್ರಿ, ಆಮೇಲೆ ಮೋಟಾರ್ ಬಿಚ್ಚೋಣ.

ಒಂದು ಭಾನುವಾರ ಶಹಾಬಾದ್ ಕಲ್ಲಿನ ಮೇಲೆ ಕೂತು ಆ ಕೆಲಸ ಮಾಡಿದೆ. ಕಾಯಿಲನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಲುಗಾಡದಂತೆ ಇಟ್ಟು, ಕೇಬಲ್ಲನ್ನ ಮಾತ್ರ ಬೆರಳಿನಿಂದ ಗೇಣು ಗೇಣಾಗಿ ಬಗ್ಗಿಸುತ್ತ ಹೋದೆ. ಪ್ಲಗ್ಗಿನ ಹತ್ತಿರ, ರಬ್ಬರಿನ ಕುತ್ತಿಗೆಯೊಳಗೆ, ಬಗ್ಗಿಸಿದಾಗ ಟಿಕ್ ಟಿಕ್ ಅಂತ ಕೂಗಿತು. ಮೀಟರ್ ಹಚ್ಚಿದರೆ ರೀಡಿಂಗ್ ಬಂದು ಹೋಗಿ ಮಾಡುತ್ತಿತ್ತು. ಕುತ್ತಿಗೆ ಸೀಳಿದರೆ ಒಳಗೆ ಒಂದು ಎಳೆ ಅರ್ಧ ಹರಿದು ಹಸಿರುಗಟ್ಟಿತ್ತು. ಹೊಸ ಪ್ಲಗ್ 40 ರೂಪಾಯಿ, ಬೆಸುಗೆ ನನ್ನದೇ. ಕೇಬಲ್ ದಂಡಕ್ಕೆ ಸಡಿಲವಾಗಿ ಜೋತುಬಿದ್ದಿತ್ತು, ಬೀಸಿದಾಗೆಲ್ಲ ಬಡಿದು ಅದೇ ಸುಳ್ಳು ಸದ್ದು ಮಾಡುತ್ತಿತ್ತು. ಬಿಗಿಯಾಗಿ ಸುತ್ತಿ ಮೂರು ಕಡೆ ಪಟ್ಟಿ ಹಾಕಿದೆ. ಕಾಯಿಲಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಹಿಡಿ ಗೋಕರ್ಣದ ಉಸುಕು, ತಿಂಗಳ ಮೇಲೂ ಉಪ್ಪಿನ ಪಸೆ ಆರಿರಲಿಲ್ಲ. ನಾನು ಸಮುದ್ರವನ್ನೇ ಕಾಯಿಲಿಗೆ ಕಟ್ಟಿಕೊಂಡು ಹುಡುಕುತ್ತಿದ್ದೆ.

ಈ ಹಾದಿಯಲ್ಲಿ ಬರುವವರಿಗೆ ಒಂದು ಮಾತು. ಮಷೀನ್ ಸುಮ್ಮಸುಮ್ಮನೆ ಕೂಗಿದರೆ ಬೀಸುವುದನ್ನ ನಿಲ್ಲಿಸಿ, ಕಾಯಿಲನ್ನ ಸೊಂಟದ ಎತ್ತರಕ್ಕೆ ಎತ್ತಿ ಹಿಡಿಯಿರಿ. ಆಗಲೂ ಕೂಗುತ್ತಿದ್ದರೆ ನೆಲದ ತಪ್ಪಲ್ಲ: ಕರೆಂಟಿನ ತಂತಿ, ಮೊಬೈಲು, ಪಕ್ಕದಲ್ಲಿ ಇನ್ನೊಬ್ಬರ ಡಿಟೆಕ್ಟರು, ಇಳಿದ ಬ್ಯಾಟರಿ, ಇಲ್ಲವೇ ಕೇಬಲ್ಲು. ಎತ್ತಿದಾಗ ಸುಮ್ಮನಿದ್ದು, ನೆಲದ ಮೇಲೆ ಬೀಸಿದಾಗ ಮಾತ್ರ ಕೂಗಿದರೆ ನೆಲದ ಮಾತು. ಎರಡೂ ಒಟ್ಟಿಗೆ ಇದ್ದರೆ ನನ್ನ ಗತಿ, ಒಂದನ್ನ ಸರಿ ಮಾಡಿದರೂ ಸರಿಯಾದದ್ದು ಗೊತ್ತೇ ಆಗುವುದಿಲ್ಲ.

ಕೇಬಲ್ ಸರಿಯಾಯಿತು, ನೆಲದ ಮಾತು ಉಳಿಯಿತು. ಅದಕ್ಕೆ ಸಮುದ್ರ ಬೇಕು, ಪ್ರತಿ ಸಲ ಐನೂರು ಕಿಲೋಮೀಟರ್ ಹೋಗಲಾದೀತೇ? ಮೊದಲು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಭೀಮಾ ಹೊಳೆಯ ಉಸುಕು ತುಂಬಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹರಳುಪ್ಪು ಕರಗಿಸಿ ಹೊಯ್ದೆ. ಸಮುದ್ರದ ನೀರಿನ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಕಾಯಿಲ್ ಹತ್ತಿರ ತಂದಾಗ ಸಣ್ಣಗೆ ಕೂಗಿತು, ಆದರೆ ಬುಟ್ಟಿ ಚಿಕ್ಕದು, ನಿಂತು ಬೀಸಲಾಗುವುದಿಲ್ಲ. ಆಗ ಹೆಂಡತಿ, "ಶಹಾಪುರದಾಗ ಮಾಮಾನ ಹೊಲ ಪೂರಾ ಸವಳೇ ಅದ ಅಲ್ಲ?" ಅಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ ಬಂತು. ನೀರು ಬಸಿದು ಹೋಗದ ತಗ್ಗಿನ ಹೊಲಗಳಲ್ಲಿ ಭತ್ತದ ಹಿಂದೆಯೇ ಸವಳೂ ಬಂತು. ಬಿಸಿಲಿಗೆ ನೀರು ಆರಿದಂತೆ ನೆಲದೊಳಗಿನ ಉಪ್ಪು ಮೇಲೇರಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಮಾಮಾನ ಎರಡು ಎಕರೆಯಲ್ಲಿ ಜಾಲಿ ಬಿಟ್ಟರೆ ಏನೂ ಏಳುವುದಿಲ್ಲ. ಆ ಹೊಲಕ್ಕೆ ಇಷ್ಟು ಖುಷಿಯಿಂದ ಹೋದ ಮೊದಲ ಮನುಷ್ಯ ನಾನೇ ಇರಬೇಕು.

ಪ್ರಯೋಗಕ್ಕೆ ತಮ್ಮನದರಷ್ಟೇ ತೂಕದ ಹೆಂಡತಿಯ ಉಂಗುರ ಕೇಳಿದೆ. "ದಾರ ಕಟ್ಟಿದ್ರ ಕೊಡ್ತೀನಿ, ಇಲ್ಲಾಂದ್ರ ಇಲ್ಲ. ನಿಮ್ಮ ಕೈ ನಂಗ ಗೊತ್ತದ" ಅಂದಳು. ನೈಲಾನ್ ದಾರ ಅವಳೇ ಕಟ್ಟಿದಳು, ಮೂರು ಗಂಟು, ಇನ್ನೊಂದು ತುದಿಗೆ ಒಂದು ಕಡ್ಡಿ. ಹಾಸ್ಯ ಮಾಡಬೇಡಿ, ನೀವೂ ಬಂಗಾರ ಹೂತು ಪರೀಕ್ಷೆ ಮಾಡುವುದಿದ್ದರೆ ದಾರ ಕಟ್ಟಿಯೇ ಹೂಳಿ.

ಒಣ ಸವಳಿನ ಮೇಲೆ ಮಷೀನ್ ಅಷ್ಟೇನೂ ಕೂಗಲಿಲ್ಲ. ಮಾಮಾ ಪಂಪು ಹಚ್ಚಿ ಒಂದು ಮಡಿಗೆ ನೀರು ಬಿಟ್ಟ. ಅರ್ಧ ತಾಸಿನಲ್ಲಿ ನೀರು ಇಂಗಿತು, ಕಾಯಿಲ್ ಇಟ್ಟೆ. ಅದೇ ಗುಬ್ಬಿ ಹಿಂಡು! ಗೋಕರ್ಣದಷ್ಟು ಜೋರಲ್ಲ, ಆದರೆ ಅದೇ ರಾಗ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ರಿಪೇರಿಯಾದ ಮಷೀನು, ಸುತ್ತ ಕರೆಂಟಿನ ತಂತಿಯಿಲ್ಲ, ಎತ್ತಿ ಹಿಡಿದರೆ ಮೌನ, ಇಳಿಸಿದರೆ ಗಲಾಟೆ. ಹಾಗಾದರೆ ಮಷೀನ್ ಸುಳ್ಳು ಹೇಳುತ್ತಿಲ್ಲ.

ಆಗ ನನ್ನ ಕಸುಬು ನೆರವಿಗೆ ಬಂತು. ಮೋಟಾರಿನ ಕೋರನ್ನ, ಅಂದರೆ ತಂತಿ ಸುತ್ತುವ ಒಳಗಿನ ತಿರುಳನ್ನ, ಒಂದೇ ಗಟ್ಟಿ ಕಬ್ಬಿಣದಲ್ಲಿ ಯಾಕೆ ಮಾಡುವುದಿಲ್ಲ, ತೆಳು ಹಾಳೆಗಳನ್ನ ಒತ್ತಿ ಯಾಕೆ ಮಾಡುತ್ತಾರೆ? ಬದಲಾಗುವ ಕಾಂತಕ್ಷೇತ್ರದೊಳಗೆ ಗಟ್ಟಿ ಲೋಹ ಇದ್ದರೆ ಅದರಲ್ಲಿ ಸುಳಿಯಂತೆ ಕರೆಂಟು ತಿರುಗಿ ಕೋರು ಬಿಸಿಯಾಗುತ್ತದೆ, ಅದನ್ನ ತಡೆಯಲಿಕ್ಕೆ. ಡಿಟೆಕ್ಟರ್ ಹುಡುಕುವುದು ಇದೇ ಸುಳಿ ಕರೆಂಟನ್ನ. ಒಂದು ಕಾಯಿಲ್ ಕ್ಷೇತ್ರ ಬಿಡುತ್ತದೆ, ನೆಲದೊಳಗಿನ ಲೋಹದಲ್ಲಿ ಸುಳಿ ಏಳುತ್ತದೆ, ಅದರ ಪ್ರತಿಧ್ವನಿಯನ್ನ ಇನ್ನೊಂದು ಕಾಯಿಲ್ ಕೇಳಿಸಿಕೊಳ್ಳುತ್ತದೆ. ಉಪ್ಪುನೀರಿನಲ್ಲೂ ಕರೆಂಟು ಹರಿಯುತ್ತದೆ, ಸಿಹಿನೀರಿಗಿಂತ ನೂರು ಪಟ್ಟಿಗೂ ಮಿಕ್ಕಿ. ಹಸಿ ಉಸುಕೆಂದರೆ ಮಷೀನಿನ ಕಣ್ಣಿಗೆ ಹರವಿ ಹಾಸಿದ ಒಂದು ತೆಳು ತಗಡು. ಕಾಯಿಲ್ ಒಂದು ಬೆರಳು ಏರಿಳಿದರೂ ಆ ತಗಡು ಹತ್ತಿರ ಬಂದು ದೂರ ಹೋದಂತೆ.

ಇನ್ನೊಂದು ಗಂಟೂ ಅಲ್ಲೇ ಬಿಚ್ಚಿತು. ಎರೆಮಣ್ಣಿನ ಕಾಂತದ ಕಣ ಕೊಡುವ ಸದ್ದು ಬೇರೆ ಜಾತಿಯದು, ಉಪ್ಪು ಕೊಡುವ ಸದ್ದು ಬೇರೆ. ಒಂದೇ ಫ್ರೀಕ್ವೆನ್ಸಿಯ ಮಷೀನಿಗೆ ಗ್ರೌಂಡ್ ಬ್ಯಾಲೆನ್ಸ್ ಅನ್ನುವುದು ಒಂದೇ ತಕ್ಕಡಿ, ಒಮ್ಮೆಗೆ ಒಂದನ್ನೇ ತೂಗಿ ಕಳೆಯಬಲ್ಲದು. ನಾನು 84ಕ್ಕೆ, ಅಂದರೆ ಕಲಬುರಗಿಯ ಕರಿಮಣ್ಣಿಗೆ ಹೊಂದಿಸಿದ್ದನ್ನ ಹೊತ್ತುಕೊಂಡು ಹೋಗಿ ಅರಬ್ಬಿ ಸಮುದ್ರದ ಮೇಲೆ ಬೀಸಿದ್ದೆ. ಹಸಿ ಸವಳಿನ ಮೇಲೆ ಮತ್ತೆ ಕಾಯಿಲನ್ನ ಮೇಲೆ ಕೆಳಗೆ ಆಡಿಸಿ ಹೊಂದಿಸಿದರೆ ಅಂಕಿ ದಡದಡ ಇಳಿದು 12ರ ಹತ್ತಿರ ಬಂತು. ಗಲಾಟೆ ಮುಕ್ಕಾಲು ಪಾಲು ಅಡಗಿತು.

ಉಳಿದ ಕಾಲು ಪಾಲಿಗೆ ಸೆನ್ಸಿಟಿವಿಟಿ ಇಳಿಸಿದೆ. ಮೊದಲು ನಾನು ಅದನ್ನ ಕೊನೆಯ ತನಕ ಏರಿಸಿ ಇಟ್ಟಿದ್ದೆ, ಹೆಚ್ಚಿದ್ದಷ್ಟೂ ಆಳಕ್ಕೆ ಹೋಗುತ್ತದೆ ಅಂತ. ಗಲಾಟೆಯ ನೆಲದಲ್ಲಿ ಅದು ಉಲ್ಟಾ, ಜಾತ್ರೆಯಲ್ಲಿ ಕಿವಿಗೆ ಭೋಂಗಾ ಹಚ್ಚಿಕೊಂಡ ಹಾಗೆ. ಹತ್ತರಲ್ಲಿ ಆರಕ್ಕೆ ತಂದೆ. ಕಾಯಿಲನ್ನ ನೆಲಕ್ಕೆ ತಾಗಿಸದೆ ಎರಡು ಬೆರಳು ಮೇಲೆ, ಏರಿಳಿಯದಂತೆ, ನಿಧಾನಕ್ಕೆ ಬೀಸಿದೆ. ಮೌನ. ಆ ಮೌನದೊಳಗೆ ಹೆಂಡತಿಯ ಉಂಗುರ, ಅಂಗೈ ಉದ್ದದ ಆಳದಿಂದ, ಎರಡೂ ಕಡೆಯಿಂದ ಒಂದೇ ಸ್ವರದಲ್ಲಿ "ಟೂಂ" ಅಂತು. ಅಂಕಿ 52, 53, 52. ತೋಳಿನ ಮೇಲೆ ಪೆನ್ನಿನಿಂದ ಬರೆದುಕೊಂಡೆ.

ಅಷ್ಟರಲ್ಲಿ ಬದುವಿನ ಮೇಲೆ ಹದಿನೈದು ಇಪ್ಪತ್ತು ಮಂದಿ ಕೂಡಿದ್ದರು. ಒಬ್ಬ ಮುದುಕ, "ಎಷ್ಟ್ ಕೊಡ ಸಿಕ್ಕಾವ್ರಿ ಸಾಹೇಬ್ರ?" ಅಂದ. ಮಾಮಾ ನಕ್ಕ, ಉಳಿದವರು ನಗಲಿಲ್ಲ. ನಿಧಿ ಅಂತ ಗುಡಿಗಳ ಬುಡ ಅಗೆದು ಹಾಳು ಮಾಡಿದವರ ಸುದ್ದಿ ಈ ಸೀಮೆಯಲ್ಲಿ ಕೇಳದವರಿಲ್ಲ, ಅವರ ಅನುಮಾನಕ್ಕೆ ನಾನು ತಪ್ಪು ಹೇಳಲಾರೆ. ಒಬ್ಬ ಹುಡುಗ ವಿಡಿಯೋ ಮಾಡುತ್ತಿದ್ದ. ಪಂಚಾಯಿತಿಯವರೊಬ್ಬರು ಬಂದು, "ಏನ್ ಹುಡುಕ್ಲಕತ್ತೀರಿ? ಪರವಾನಗಿ ಅದ ಏನು?" ಅಂತ ಕೇಳಿದರು. ಗೋಕರ್ಣದ ಸೀಲು ಬಿದ್ದ ಅರ್ಜಿ, ಮಷೀನಿನ ಬಿಲ್ಲು, ದಾರ ಕಟ್ಟಿದ ಉಂಗುರ ಮೂರನ್ನೂ ತೋರಿಸಿದೆ. ದಾರ ನೋಡಿದ ಮೇಲೆ ಅವರಿಗೂ ನಗು ಬಂತು.

ನಗೆಯಾಚೆ ಇದು ಗಂಭೀರ ವಿಷಯ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನೆಲದೊಳಗೆ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕಲಬುರಗಿ ಕೋಟೆ, ಹಫ್ತ್ ಗುಂಬಜ್, ಬೀದರ್ ಕೋಟೆ, ಸನ್ನತಿಯ ಕಡೆಗೆಲ್ಲ ಈ ಮಷೀನ್ ಹಿಡಿದು ಸುಳಿಯಲೂ ಬೇಡಿ, ಅವು ಸಂರಕ್ಷಿತ ಜಾಗ. ಬೇರೆಯವರ ಹೊಲವಾದರೆ ಮೊದಲು ಮಾಲೀಕರನ್ನ ಕೇಳಿ, ಅವರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮುಂದೆ ಕಾಯುವ ಪಾಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸಮುದ್ರದ ಇಳಿತ ಬಹಳ ದೂರ ಹೋಗುತ್ತದೆ, ದಂಡೆ ಹೆಚ್ಚು ಹೊತ್ತು ಬಸಿಯುತ್ತದೆ. ಬಸಿದಷ್ಟೂ ಉಪ್ಪಿನ ಗಲಾಟೆ ಕಡಿಮೆ. ಮಾಘದ ಅಮಾವಾಸ್ಯೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅದರ ಹಿಂದಿನ ರಾತ್ರಿಯೇ ಮಹಾಶಿವರಾತ್ರಿ ಅನ್ನುವುದು ತಲೆಗೇ ಬರಲಿಲ್ಲ! ಗೋಕರ್ಣಕ್ಕೆ ಫೋನು ಹಚ್ಚಿದರೆ ಎಲ್ಲೂ ರೂಮಿಲ್ಲ, ಇದ್ದಲ್ಲಿ ಬಾಡಿಗೆ ಮೂರು ಪಟ್ಟು, ಜಾತ್ರೆಯ ಜನ. ಹೋಳಿ ಹುಣ್ಣಿಮೆಗೆ ಮುಂದೂಡಿದೆ. ತಮ್ಮ ಒಂದು ದಿನವೂ ಏನೂ ಅನ್ನಲಿಲ್ಲ. ಅವನ ಹೆಂಡತಿಯೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಬೀಗರು ಬಂದ ದಿನ ತಮ್ಮ ಊಟದುದ್ದಕ್ಕೂ ಎಡಗೈಯನ್ನ ಜೇಬಿನೊಳಗೇ ಇಟ್ಟಿದ್ದನ್ನ ನಾನು ನೋಡಿದೆ.

ಈ ನಡುವೆ ಬೇರೆ ಮಷೀನ್ ಕೊಂಡರೆ ಹೇಗೆ ಅಂತಲೂ ವಿಚಾರಿಸಿದೆ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವವು ಇವೆ. 2018ರಲ್ಲಿ ಬಂದ ಮಿನೆಲ್ಯಾಬ್ ಈಕ್ವಿನಾಕ್ಸಿನಲ್ಲಿ ಬೀಚಿಗೆಂದೇ ಎರಡು ವಿಧಾನ ಇವೆ. ಹಲವು ಫ್ರೀಕ್ವೆನ್ಸಿಗಳ ಉತ್ತರವನ್ನ ಹೋಲಿಸಿ ಉಪ್ಪನ್ನೂ ನೆಲವನ್ನೂ ಒಟ್ಟಿಗೆ ಕಳೆಯುವುದು ಅವುಗಳ ಹಿಕಮತ್ತು. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಜಾತಿ ಇದೆ, ಅದಕ್ಕೆ ಉಪ್ಪು ಲೆಕ್ಕಕ್ಕೇ ಇಲ್ಲ, ಆದರೆ ಮೊಳೆಗೂ ಬಂಗಾರಕ್ಕೂ ಭೇದ ಹೇಳುವುದು ಕಷ್ಟ, ಎಲ್ಲವನ್ನೂ ಅಗೆಯಬೇಕು. ಪದೇ ಪದೇ ಸಮುದ್ರಕ್ಕೆ ಹೋಗುವವರು ಇವನ್ನೇ ಕೊಳ್ಳಿ. ಒಂದು ಉಂಗುರಕ್ಕೆ ನನಗೆ ಅಷ್ಟು ತಾಕತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಬೆಳಗಿನ ಐದಕ್ಕೆ ದಂಡೆಯಲ್ಲಿದ್ದೆ, ತಮ್ಮನೂ ಜೊತೆಗೆ. ಗಸ್ತಿನ ಪೊಲೀಸರಿಬ್ಬರು ಬಂದು ಟಾರ್ಚ್ ಬಿಟ್ಟರು. ಅರ್ಜಿಯ ನಕಲು ಓದಿ, "ಇನ್ನೂ ಸಿಕ್ಕಿಲ್ವಾ?" ಅಂತ ಮರುಗಿ ಹೋದರು. ಬೆಳಕು ಹರಿದಾಗ ನೀರು ಎಲ್ಲೋ ದೂರ ಇತ್ತು, ಅಲೆ ಬಿಟ್ಟುಹೋದ ಕಡೆ ಕಪ್ಪು ಉಸುಕಿನ ತೆಳು ಗೆರೆಗಳು. ಒಂದು ಅಯಸ್ಕಾಂತ ಮುಟ್ಟಿಸಿದರೆ ಗಡ್ಡದಂತೆ ಹತ್ತಿಕೊಂಡಿತು. ಅಂದರೆ ನಮ್ಮ ಕರಿಮಣ್ಣಿನ ತಂಟೆಯೂ ಇಲ್ಲಿ ಇದೆ. ಆ ಗೆರೆಗಳ ಮೇಲೆ ಮಷೀನ್ ತೊದಲುತ್ತಿತ್ತು, ಅಲ್ಲಿ ನಿಲ್ಲದೆ ದಾಟಿಕೊಂಡೆ.

46ನೇ ಹೆಜ್ಜೆಯ ಸುತ್ತ ಆರು ಹೆಜ್ಜೆ ಅಗಲದ ಚೌಕ ಗೀಚಿದೆವು. ಒಣ ಪಟ್ಟಿಗೆ ಒಂದು ಹೊಂದಾಣಿಕೆ, ಹಸಿ ಪಟ್ಟಿಗೆ ಇನ್ನೊಂದು. ಪ್ರತಿ ಸಲ ಪಂಪು ಹೊಡೆದು ಹೊಸದಾಗಿ ಮಾಡಿದೆ. ಸಂಕ್ರಾಂತಿಗೆ ಮೇಲಿಂದ ನೀರಿನ ಕಡೆಗೆ, ನೀರಿನಿಂದ ಮೇಲಕ್ಕೆ ನಡೆದಿದ್ದೆ, ಹೆಜ್ಜೆಗೊಮ್ಮೆ ತೇವ ಬದಲಾಗಿ ಮಷೀನಿಗೆ ತಲೆ ತಿರುಗುತ್ತಿತ್ತು. ಈ ಸಲ ನೀರಿನಂಚಿಗೆ ಸಮನಾಗಿ, ನೇಗಿಲ ಸಾಲಿನಂತೆ ಉದ್ದಕ್ಕೆ ನಡೆದೆ. ತೇವ ಸಾಲಿಡೀ ಒಂದೇ, ಮಷೀನೂ ತಣ್ಣಗೆ. ಸಣ್ಣ ಅಂಕಿಗಳಿಗೆ ಮಷೀನ್ ಕೂಗದಂತೆ ಪೂರ್ತಿ ಮುಚ್ಚಿಬಿಡುವ ಆಸೆಯೂ ಆಗಿತ್ತು. ಬಿಟ್ಟೆ. ಹಾಗೆ ಮಾಡಿದರೆ ಉಪ್ಪಿನ ಜೊತೆಗೆ ಸಣ್ಣ ಬಂಗಾರವೂ ಕಿವಿಗೆ ಬೀಳುವುದಿಲ್ಲ. ತೆಳು ಸರ ಕಳೆದವರಿಗಂತೂ ಇದು ದೊಡ್ಡ ಗಂಡಾಂತರ: ಸರ ಎಷ್ಟು ಉದ್ದವಿದ್ದರೂ ಮಷೀನಿಗೆ ಕಾಣುವುದು ಒಂದೊಂದು ಕೊಂಡಿ. ಉಂಗುರ ಮುಚ್ಚಿದ ಬಳೆ, ಸುಳಿ ಕರೆಂಟಿಗೆ ಹೇಳಿ ಮಾಡಿಸಿದ ದಾರಿ. ನನ್ನ ಪುಣ್ಯ ಅಷ್ಟಿತ್ತು.

ಎರಡು ತಾಸಿನಲ್ಲಿ ಹನ್ನೊಂದು ಡಬ್ಬಿ ಕೊಕ್ಕೆ. ಅವುಗಳ ಅಂಕಿ ಉಂಗುರದ ಅಂಕಿಗೆ ತೀರಾ ಹತ್ತಿರ, ಅಗೆಯದೆ ಗತಿಯಿಲ್ಲ. ಸ್ಟೀಲಿನ 1, 2 ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಹತ್ತುವಂಥವು, ಅವು ಕಬ್ಬಿಣದಂತೆ ಕೊಸರಾಡುತ್ತವೆ. ಏಳನೇ ಸಾಲಿನಲ್ಲಿ, ಹಸಿ ಮತ್ತು ಒಣದರ ಅಂಚಿನಲ್ಲಿ, ಸಣ್ಣದಾಗಿ, ಎರಡೂ ಕಡೆಯಿಂದ ಒಂದೇ ಸ್ವರ. 53. 52. 53. ತೋಳು ನೋಡಿಕೊಂಡೆ, ಶಹಾಪುರದ ಶಾಯಿ ಯಾವಾಗಲೋ ಹೋಗಿತ್ತು, ಆದರೆ ಅಂಕಿ ನೆನಪಿತ್ತು. ತಮ್ಮ ಮೊಣಕಾಲೂರಿ ಕೂತ. ಒಂದು ಹಿಡಿ ತೆಗೆದು ಪಕ್ಕಕ್ಕೆ ಹಾಕಿದ, ಕಾಯಿಲ್ ತೋರಿಸಿದೆ, ಸದ್ದು ಇನ್ನೂ ಕುಣಿಯಲ್ಲೇ. ಇನ್ನೊಂದು, ಮತ್ತೊಂದು. ಗೇಣಿಗೆ ಸ್ವಲ್ಪ ಕಡಿಮೆ ಆಳ ಆದಾಗ ಸದ್ದು ಕುಣಿಯಿಂದ ಪಕ್ಕದ ಗುಡ್ಡೆಗೆ ಬಂತು. ತಮ್ಮ ಗುಡ್ಡೆಯನ್ನ ಅಂಗೈಯಲ್ಲಿ ಸವರಿದ. ಉಸುಕಿನ ನಡುವೆ ಹಳದಿ ಅಂಚೊಂದು ಕಂಡಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನ ಮುಟ್ಟಲೇ ಇಲ್ಲ.

ಆಮೇಲೆ ಅವನು ಉಂಗುರ ಹಾಕಿಕೊಂಡು, "ಅಣ್ಣ, ಟವೆಲ್ ಮಾತ್ರ ನೀ ಹಿಡೀಬ್ಯಾಡ" ಅಂದ.

ಖರ್ಚಿನ ಲೆಕ್ಕ ಕೇಳುವವರಿಗೆ: ಮಷೀನ್ 16,500, ಬೇಡದ ರಿಪೇರಿ 2,200, ಪ್ಲಗ್ 40, ಬ್ಯಾಟರಿ 600, ಎರಡು ಸಲದ ಬಸ್ಸು, ರೂಮು, ಊಟ ಸೇರಿ 9,000ದ ಸುತ್ತ. ಉಂಗುರದ ಬೆಲೆ ಇದಕ್ಕಿಂತ ಹೆಚ್ಚು. ಅಂಗಡಿ ಮುಚ್ಚಿದ ದಿನಗಳನ್ನ ನಾನು ಲೆಕ್ಕ ಹಾಕಿಲ್ಲ, ಹೆಂಡತಿ ಹಾಕಿದ್ದಾಳೆ.

ಸಮುದ್ರದಿಂದ ಬಂದ ದಿನವೇ ಕಾಯಿಲ್, ದಂಡ, ಮುಚ್ಚಳ ಎಲ್ಲ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಂಟ್ರೋಲ್ ಡಬ್ಬಿಗೆ ಒದ್ದೆ ಬಟ್ಟೆ ಸಾಕು, ನೀರು ಹೊಯ್ಯಬೇಡಿ, ಬ್ಯಾಟರಿ ತೆಗೆದಿಡಿ. ನಾನು ಗೋಕರ್ಣದ ಲಾಡ್ಜಿನ ಬಕೆಟ್ಟಿನಲ್ಲೇ ತೊಳೆದೆ.

ಮಷೀನ್ ಮಾರೋಣ ಅಂತ ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದೆ. ನಿನ್ನೆ ಶಹಾಪುರದಿಂದ ಮಾಮಾನ ಫೋನು. "ಪಂಪಿನ ಹಿತ್ತಾಳಿ ನಟ್ ಕೆಸರಾಗ ಬಿದ್ದದೋ, ನೀರು ಬಿಟ್ಟದ್ದು ನಿನ್ನೆನೇ. ಆ ಗುಬ್ಬಿ ಮಷೀನ್ ತರ್ತೀ ಏನು?"

ಭಾನುವಾರ ಹೋಗುತ್ತಿದ್ದೇನೆ. 12ರಿಂದ ಶುರು ಮಾಡಬೇಕು.